ದಿಡ್ಡಿ ಬಾಗಿಲು ಯಾರಿಗೆ ಗೊತ್ತಿತ್ತು?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಮದುವೆ, ಜಾತ್ರೆಯ ದಿನಗಳು ಬಂದರೆ ಸಾಕು, ಈ ಗಾದೆ ಮತ್ತೆ ಮತ್ತೆ ನೆನಪಾಗುತ್ತದೆ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯಲು ಮನೆಮಂದಿಯೆಲ್ಲ ಹೊರಡುತ್ತಾರೆ. ತಿರುಗಿ ಬಂದು ನೋಡಿದರೆ ಹಿತ್ತಲ ಬಾಗಿಲಿನ ಚಿಲಕ ಕಿತ್ತಿರುತ್ತದೆ, ತಿಜೋರಿ ಬರಿದಾಗಿರುತ್ತದೆ. ಮರುದಿನ ಮುಂಬಾಗಿಲಿಗೆ ಹೊಸ ಕೀಲಿ ಬೀಳುತ್ತದೆ! ಹೋದದ್ದು ಬಂಗಾರವಾದರೆ ಓಣಿಯೆಲ್ಲ ಮರುಗುತ್ತದೆ. ಅಜ್ಜ ಕೂಡಿಟ್ಟ ಹಳೆಯ ನಾಣ್ಯಗಳಾದರೆ, "ಹೋಗ್ಲಿ ಬಿಡ್ರಿ, ಚಲಾವಣಿ ಇಲ್ಲದ ರೊಕ್ಕ" ಎನ್ನುವವರೇ ಹೆಚ್ಚು. ಆ ಸಮಾಧಾನವನ್ನು ನಾನು ಒಪ್ಪಲಾರೆ.

ಗಾದೆಗೆ ಎಲ್ಲರೂ ಹೇಳುವ ಅರ್ಥ ಒಂದೇ: ಹೊತ್ತು ಮೀರಿ ಬಂದ ಬುದ್ಧಿ. ಅಷ್ಟೇ ಹೇಳುವುದಿದ್ದರೆ ಹೆಬ್ಬಾಗಿಲು ಹಾಕಿದರು ಎಂದಿದ್ದರೂ ಸಾಕಿತ್ತು. ಹೋಗುವುದು ಹೋಗಿಯೇ ಹೋಗುತ್ತದೆ, ಹಣೆಬರಹ ಎಂದು ಅರ್ಥ ಹಚ್ಚುವವರೂ ಇದ್ದಾರೆ. ಗಾದೆಯಲ್ಲಿ ಬಾಗಿಲಿದೆ, ಅದನ್ನು ಹಾಕಬೇಕಾದ ಕೈಯಿದೆ. ಹಣೆಬರಹಕ್ಕೆ ಅಲ್ಲಿ ಜಾಗವೇ ಇಲ್ಲ. ನನ್ನ ಮಟ್ಟಿಗೆ ಇಡೀ ಗಾದೆ ನಿಂತಿರುವುದು ದಿಡ್ಡಿಯ ಮೇಲೆ. ಹೆಬ್ಬಾಗಿಲಿಗೆ ಆನೆ ಗುದ್ದಿದರೂ ಜಗ್ಗದಂಥ ಮೊಳೆ, ಅಗಳಿ, ಹಗಲಿರುಳು ಕಾವಲು. ದಿಡ್ಡಿ ಹಾಗಲ್ಲ. ಒಬ್ಬೊಬ್ಬರೇ ತಲೆ ಬಗ್ಗಿಸಿ ದಾಟುವ ಸಣ್ಣ ಬಾಗಿಲು, ದಿನಬಳಕೆಯ ದಾರಿ. ಹೊರಗಿನ ದಂಡಿನ ಕಣ್ಣಿಗೆ ಅದು ತಾನಾಗಿ ಬೀಳುವುದಿಲ್ಲ. ಒಳಗಿನವರ ಓಡಾಟವೇ ತೋರಿಸಿಕೊಡಬೇಕು. ಚಿತ್ರದುರ್ಗದ ಕಿಂಡಿ ಹೈದರಾಲಿಯ ದಂಡಿಗೆ ಗೊತ್ತಾದದ್ದು ಮೊಸರು ಮಾರುವವಳ ಓಡಾಟದಿಂದ ಎಂದು ಜನ ಇಂದಿಗೂ ಹೇಳುತ್ತಾರೆ. ಅಲ್ಲಿ ಓಬವ್ವ ಇದ್ದಳು, ಕೋಟೆ ಆ ದಿನ ಉಳಿಯಿತು. ಆದ್ದರಿಂದ ಬಾಗಿಲು ಯಾವಾಗ ಹಾಕಿದರು ಎಂಬುದಕ್ಕಿಂತ, ಆ ಬಾಗಿಲು ಯಾರ್ಯಾರಿಗೆ ಗೊತ್ತಿತ್ತು ಎಂಬುದೇ ಗಾದೆಯ ಪ್ರಶ್ನೆ.

2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ 58 ಕಿಲೋಗೂ ಮಿಕ್ಕಿ ಬಂಗಾರ ಹೋಯಿತು. ಸಾಲಕ್ಕಾಗಿ ರೈತರು, ಹೆಣ್ಣುಮಕ್ಕಳು ಒತ್ತೆ ಇಟ್ಟ ಒಡವೆ. ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕರಾಗಿದ್ದವರೂ ಇದ್ದರು. ದೂರದ ಬರ್ಲಿನ್ನಿನ ಬೋಡೆ ಮ್ಯೂಸಿಯಂನಿಂದ 2017ರಲ್ಲಿ 100 ಕಿಲೋ ತೂಕದ ಒಂದೇ ಒಂದು ಬಂಗಾರದ ನಾಣ್ಯವನ್ನು ಕಿಟಕಿಯಿಂದ ಹೊತ್ತೊಯ್ದರು. ಶಿಕ್ಷೆಯಾದವರಲ್ಲಿ ಅಲ್ಲಿ ಕಾವಲಿಗಿದ್ದವನೂ ಒಬ್ಬ. ನಾಣ್ಯ ಇಂದಿಗೂ ಸಿಕ್ಕಿಲ್ಲ. ಎರಡೂ ಕಡೆ ಹೆಸರು ಬಂದವರಲ್ಲಿ ಒಳದಾರಿ ಬಲ್ಲವರಿದ್ದರು.

ಇಷ್ಟು ಹೇಳಿದ ಕೂಡಲೇ ಕೆಲವರ ಬೆರಳು ಪಾತ್ರೆ ತೊಳೆಯುವವಳ ಕಡೆಗೆ, ಹೊಲದ ಆಳಿನ ಕಡೆಗೆ ಹೋಗುತ್ತದೆ. ಇದು ಅನ್ಯಾಯ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮನಗೂಳಿಯಲ್ಲಿ ಆರೋಪ ಬಂದದ್ದು ಕುರ್ಚಿಯ ಮೇಲೆ ಕುಳಿತಿದ್ದವರ ಮೇಲೆ. ಮನೆಯ ದಿಡ್ಡಿಯನ್ನು ಊರಿಗೆ ತೋರಿಸುವುದು ಬಹಳ ಸಲ ಮನೆಯವರ ನಾಲಗೆಯೇ. ಕೀಲಿಕೈ ಬಾಗಿಲ ಚೌಕಟ್ಟಿನ ಮೇಲೋ ಗೋಡೆಯ ಮಾಡದಲ್ಲೋ ಇರುತ್ತದೆಂದು ನೆರೆಮನೆಯ ಹುಡುಗರಿಗೂ ಗೊತ್ತು. ತೇರಿನ ಮುಂದೆ ಇಡೀ ಕುಟುಂಬ ನಿಂತು ತೆಗೆದ ಫೋಟೋ ಆಗಲೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಿದ್ದಿರುತ್ತದೆ; ಮನೆಯಲ್ಲಿ ಯಾರೂ ಇಲ್ಲ ಎಂದು ಡಂಗುರ ಸಾರಿದ ಹಾಗೆಯೇ ಅದು. ಸಿಸಿ ಕ್ಯಾಮೆರಾ ಹಾಕಿಸಿದ್ದೇವೆ ಎಂದು ನಿಶ್ಚಿಂತರಾಗುವವರು ಜರ್ಮನಿಯದೇ ಇನ್ನೊಂದು ಕಳವನ್ನು ನೋಡಲಿ. 2022ರ ನವೆಂಬರಿನಲ್ಲಿ ಮಾಂಚಿಂಗ್ ಊರಿನ ವಸ್ತುಸಂಗ್ರಹಾಲಯಕ್ಕೆ ನುಗ್ಗಿದವರು ಮೊದಲು ಊರಿನ ದೂರವಾಣಿ ಕೇಬಲ್ ಕತ್ತರಿಸಿದರು. ಎಚ್ಚರಿಕೆಯ ಗಂಟೆ ಪೊಲೀಸರಿಗೆ ಮುಟ್ಟಲೇ ಇಲ್ಲ. 9 ನಿಮಿಷದಲ್ಲಿ 483 ಕೆಲ್ಟಿಕ್ ಬಂಗಾರದ ನಾಣ್ಯ ಹೋದವು. ಆಮೇಲೆ ಸಿಕ್ಕವು ಕರಗಿಸಿದ ಗಟ್ಟಿಗಳು.

ನನ್ನ ಸಂಕಟ ಇರುವುದು ಆ ಕರಗಿಸುವ ಮೂಸೆಯಲ್ಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ರಾಣಿ ಛಾಪಿನ ಬೆಳ್ಳಿ ರೂಪಾಯಿ ಹೊರಗೆ ಬರುತ್ತವೆ. ಜೊತೆಗೆ ಪಾವಲಿ, ಆಣೆ, ನಡುವೆ ತೂತಿರುವ ಕಾಸು. ಒಂದೊಂದು ಬೆಳ್ಳಿ ರೂಪಾಯಿ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಕಳ್ಳನಿಗೆ ಇವೆಲ್ಲ ಬರೀ ತೂಕ. ಮೂಸೆಗೆ ಬಿದ್ದರೆ ಇಸವಿಯೂ ಇಲ್ಲ, ರಾಣಿಯ ಮುಖವೂ ಇಲ್ಲ. ಕರಗದೆ ಸಿಕ್ಕರೂ ತೊಡಕು ತಪ್ಪಿದ್ದಲ್ಲ. ಸರವಾದರೆ ಅಕ್ಕಸಾಲಿಗನ ಕೈ ಗುರುತಿರುತ್ತದೆ. ಒಂದೇ ಅಚ್ಚಿನಿಂದ ಬಂದ ಲಕ್ಷ ರೂಪಾಯಿಗಳಲ್ಲಿ ಇದು ನನ್ನದೆಂದು ಠಾಣೆಯಲ್ಲಿ ಹೇಗೆ ತೋರಿಸುತ್ತೀರಿ? ದಾರಿ ಇದೆ. ಒಂದೊಂದು ನಾಣ್ಯವನ್ನೂ ಎರಡೂ ಮಗ್ಗುಲು ಫೋಟೋ ತೆಗೆದು, ತೂಗಿ, ಸವೆದ ಜಾಗ, ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯ ಕಲೆ, ಯಾರೋ ಹೊಡೆದ ಮುದ್ರೆ, ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಹಾಗೆ ಬರೆದಿದ್ದರೆ ಪಂಚನಾಮೆಯಲ್ಲಿ "ಹಳೆಯ ನಾಣ್ಯ ಕೆಲವು" ಎಂಬ ಪೊಳ್ಳು ಸಾಲು ಬರುವುದಿಲ್ಲ. ಕಳವಿನ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಶಿಕ್ಷೆಯಿದೆ. ಆ ಕಲಮಿಗೆ ಬಲ ಬರುವುದೂ ಇಂಥ ವಹಿಯಿಂದಲೇ.

ಬ್ಯಾಂಕ್ ಲಾಕರ್ ಮನೆಗಿಂತ ಭದ್ರ, ನಿಜ. ಆದರೆ 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಳವಾದರೂ, ಸಿಬ್ಬಂದಿಯೇ ಮೋಸ ಮಾಡಿದರೂ, ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಮುಗಿಯುತ್ತದೆ. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ. ಮಿಕ್ಕದ್ದಕ್ಕೆ ವಿಮೆ ಬೇಕು, ವಿಮೆಯವರೂ ಕೇಳುವುದು ದಾಖಲೆಯನ್ನೇ.

ಇಷ್ಟೆಲ್ಲ ಹಟದಿಂದ ಬರೆಯುವುದಕ್ಕೆ ಕಾರಣ ನಾವಿರುವ ನೆಲ. ಗದಗಿನಿಂದ ಸ್ವಲ್ಪ ದೂರಕ್ಕೇ ಲಕ್ಕುಂಡಿ. 1007ರಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ ಊರು. ಅಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣದ ಹೆಸರು ಶಾಸನಗಳಲ್ಲಿದೆ. ಈ ಸೀಮೆಯ ಹೊಲದಲ್ಲಿ, ಹಳೆಯ ಗೋಡೆಯಲ್ಲಿ ಏನಾದರೂ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ತಿಳಿಸಿದರೆ ಕಚೇರಿ ಕಚೇರಿ ಅಲೆಸುತ್ತಾರೆಂಬ ಅಂಜಿಕೆ ಜನಕ್ಕೆ. ಅಂಜಿಕೆ ಇದ್ದಲ್ಲಿ ನಿಧಿಗಳ್ಳರಿಗೆ ದಾರಿ ಸಲೀಸು. ಪುರಾತತ್ತ್ವ ಇಲಾಖೆಯವರು ಲಕ್ಕುಂಡಿಯಲ್ಲಿ ಕುಳಿತು ಜನ ಬರಲೆಂದು ಕಾಯುವುದು ಬೇಡ. ಸುಗ್ಗಿ ಮುಗಿದ ಮೇಲೆ ಒಂದು ತಕ್ಕಡಿ, ಒಂದು ಕ್ಯಾಮೆರಾ ಹಿಡಿದು ಈ ಸೀಮೆಯ ಹಿರೇಹಂದಿಗೋಳದಂಥ ಊರುಗಳಿಗೆ ಬರಲಿ. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು, ಮನೆಯವರು ತಂದ ನಾಣ್ಯಗಳನ್ನು ನೋಡಿ, ತೂಗಿ, ವಿವರ ಬರೆದು, ಅದರ ಒಂದು ಪ್ರತಿಯನ್ನು ಅವರ ಕೈಗೇ ಕೊಡಲಿ. ನಾಣ್ಯ ಯಾರದೋ ಅವರ ಮನೆಯಲ್ಲೇ ಉಳಿಯುತ್ತದೆ ಎಂದು ಮೊದಲೇ ಬರವಣಿಗೆಯಲ್ಲಿ ಭರವಸೆ ಕೊಟ್ಟರೆ ಮಾತ್ರ ಜನ ಡಬ್ಬಿ ತೆರೆದಾರು.