ಪರಾಗದ ಹಳದಿ

ಗಾಯಗೊಂಡು ಮರಳಿದ ಸೈನಿಕನ ಕಥೆಯಲ್ಲಿ ಒಂದು ಜೇಡಕ್ಕೆ ಏನು ಕೆಲಸವಿದ್ದೀತು? ಲೆಸ್ಲಿ ಮಾರ್ಮನ್ ಸಿಲ್ಕೋ ಅವರ ‘ಸೆರಮನಿ’ (1977) ಕಾದಂಬರಿಯಲ್ಲಿ, ನ್ಯೂ ಮೆಕ್ಸಿಕೊದ ಒಣ ಕಣಿವೆಯ ಒರತೆಯೊಂದಕ್ಕೆ ಅದು ನೀರು ಕುಡಿಯಲು ಬರುತ್ತದೆ. ಹೊಟ್ಟೆಗಂಟಿದ ಮೊಟ್ಟೆಯ ಚೀಲ ನೆನೆಯದಂತೆ ಎಚ್ಚರದಿಂದ ಅಂಚಿನಲ್ಲಷ್ಟೇ ನಿಂತು ಕುಡಿದು, ನುಣ್ಣನೆಯ ಮರಳಿನ ಮೇಲೆ ಎಳೆಎಳೆಯಾದ ಹೆಜ್ಜೆ ಬಿಟ್ಟು ಹಿಂದಿರುಗುತ್ತದೆ. ಹಳದಿ ಹೂಗಳನ್ನು ಕೊಯ್ದು, ಅವುಗಳ ಪರಾಗವನ್ನು ಆ ನೀರಿನ ಮೇಲೆ ಮೆಲ್ಲನೆ ಉದುರಿಸಿ, ಮಳೆಗಾಗಿ ಕಾಯುತ್ತ ಕೂತ ಕಥಾನಾಯಕ ಟೇಯೊ ಅದನ್ನು ಕಣ್ತುಂಬ ನೋಡುತ್ತಾನೆ. ಅದು ಯುದ್ಧಕ್ಕೆ ಮುಂಚಿನ ಮಾತು.

ಆಮೇಲೆ ಫಿಲಿಪ್ಪೀನ್ಸ್‌ನ ಕಾಡು. ಹೊದಿಕೆಯ ಜೋಲಿಯಲ್ಲಿ ಗಾಯಾಳು ರಾಕಿ, ಒಂದೇ ಮನೆಯಲ್ಲಿ ಜೊತೆಗೆ ಬೆಳೆದ ಸೋದರ. ಕಾಲಡಿಯ ಕೆಸರು, ಗಾಯವನ್ನು ಕೊಳೆಸುವ, ನಿಲ್ಲುವ ಹೆಸರೇ ಎತ್ತದ ಮಳೆ. ಟೇಯೊ ಆ ಮಳೆಗೆ ಶಾಪ ಹಾಕುತ್ತಾನೆ. 1942ರಲ್ಲಿ ಅಲ್ಲಿನ ಬಟಾನ್ ಶರಣಾದಾಗ ಸೆರೆಸಿಕ್ಕವರಲ್ಲಿ ನ್ಯೂ ಮೆಕ್ಸಿಕೊದಿಂದ ಹೋದವರು ಬಹಳ. ಹಾಗೆ ಹೋದ ಸುಮಾರು 1800 ಮಂದಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಮರಳಲಿಲ್ಲ. ರಾಕಿಯೂ ಮರಳುವುದಿಲ್ಲ. ಲಾಸ್ ಏಂಜಲಿಸ್‌ನ ಆಸ್ಪತ್ರೆಯಲ್ಲಿ ತಾನು ಬರೀ ಬಿಳಿ ಹೊಗೆ ಎಂದುಕೊಂಡೇ ದಿನ ಕಳೆದ ಟೇಯೊ ಲಗೂನಾ ಪುಯೆಬ್ಲೊ ಎಂಬ ತನ್ನ ಊರಿಗೆ ಬಂದರೆ, ಅಲ್ಲಿ ಆರು ವರ್ಷದ ಬರ, ಮೂಳೆಚಕ್ಕಳವಾದ ದನಗಳು. ತನ್ನ ಶಾಪವೇ ಇಲ್ಲಿಯವರೆಗೂ ಬಂದು ತಟ್ಟಿತೆಂದು ಅವನು ನಂಬುತ್ತಾನೆ. ಮುಗಿಲು ನೋಡಿಯೇ ಬದುಕುವ ನಮ್ಮ ಬಯಲುಸೀಮೆಯವರಿಗೆ ಆ ನಂಬಿಕೆ ಹುಚ್ಚೆನಿಸಲಿಕ್ಕಿಲ್ಲ.

ಬೆಳಕು ಕಣ್ಣಿಗೆ ಚುಚ್ಚುತ್ತದೆ, ತಿಂದದ್ದು ನಿಲ್ಲುವುದಿಲ್ಲ, ನೆನಪುಗಳು ಅಜ್ಜಿಯ ಹೊಲಿಗೆಬುಟ್ಟಿಯ ದಾರಗಳಂತೆ ಎಳೆದಷ್ಟೂ ಸಿಕ್ಕಾಗುತ್ತವೆ. ಹಿರಿಯ ವೈದ್ಯ ಕೂಶ್ ಬಂದು ಹಾಸಿಗೆಯ ಪಕ್ಕ ಕೂತು, ಹಳೆಯ ಮಾತಿನಲ್ಲಿ, ಈ ಲೋಕ ಎಷ್ಟು ನಾಜೂಕಾದದ್ದೆಂದು ಹೇಳುತ್ತಾನೆ: ಮರಳದಿಬ್ಬಗಳ ದಾರಿಗೆ ಅಡ್ಡಲಾಗಿ ನೇಯ್ದ ಬಲೆಗಳು, ಬೆಳಗಿನ ಬಿಸಿಲು ಸಿಲುಕಿಕೊಳ್ಳುವ ಅವುಗಳ ಒಂದೊಂದು ಎಳೆ. ಶತ್ರುವನ್ನು ಕೊಂದು ಬಂದವನನ್ನು ಶುದ್ಧಗೊಳಿಸುವ ವಿಧಿ ಅವನಿಗೆ ಗೊತ್ತು. ಆದರೆ ಕೊಂದೆನೋ ಇಲ್ಲವೋ ಎಂದು ಕೊಂದವನಿಗೇ ತಿಳಿಯದಷ್ಟು ದೂರದಿಂದ ಕೊಲ್ಲುವ ಯುದ್ಧಕ್ಕೆ ವಿಧಿ ಎಲ್ಲಿಂದ ತರುವುದು? ಆ ಮುದುಕನ ಅಸಹಾಯ ಮೌನದ ಮುಂದೆ ನಾನು ಪುಟ ತಿರುವಲಾರದೆ ಕೂತಿದ್ದೇನೆ.

ಮುಂದೆ ಗ್ಯಾಲಪ್ ಊರಿನ ವೈದ್ಯ ಬೆಟೊನಿ ಹೇಳಿದ ದಾರಿ ಹಿಡಿದು, ಮಾವನ ಮಚ್ಚೆದನಗಳನ್ನೂ ನಕ್ಷತ್ರಗಳನ್ನೂ ಹುಡುಕುತ್ತ, ಬೆಟ್ಟದಲ್ಲಿ ಒಬ್ಬಳು ಹೆಣ್ಣಿನ ಜೊತೆ ಗಿಡಬೇರುಗಳನ್ನು ಅರಿಯುತ್ತ, ಟೇಯೊ ಒಂದು ರಾತ್ರಿ ಪಾಳುಬಿದ್ದ ಯುರೇನಿಯಂ ಗಣಿಗೆ ಬಂದು ನಿಲ್ಲುತ್ತಾನೆ. ಲಗೂನಾದ ನೆಲದಲ್ಲಿ ಜಾಕ್‌ಪೈಲ್ ಎಂಬ ಅಂಥ ಗಣಿ ನಿಜಕ್ಕೂ ಇತ್ತು. 1945ರ ಜುಲೈ 16ರಂದು ಮೊದಲ ಅಣುಬಾಂಬು ಸಿಡಿದದ್ದೂ ಅದೇ ರಾಜ್ಯದಲ್ಲಿ; ಆ ನಸುಕಿನಲ್ಲಿ ಕಿಟಕಿಯಾಚೆ ಕಂಡ ಬೆಳಕು, ಪೊರೆಗಟ್ಟಿದ ತನ್ನ ಕಣ್ಣಿಗೂ ನಿಚ್ಚಳವಾಗಿ ಕಂಡ ಬೆಳಕು, ಏನಿದ್ದೀತೆಂದು ಕಾದಂಬರಿಯ ಅಜ್ಜಿ ಕೇಳುತ್ತಲೇ ಇರುತ್ತಾಳೆ. ಟೇಯೊ ಗಣಿಯ ಕಲ್ಲೊಂದನ್ನು ಎತ್ತಿಕೊಳ್ಳುತ್ತಾನೆ. ಬೂದುಗಲ್ಲಿನಲ್ಲಿ ಹುಡಿಹುಡಿಯಾದ ಹಳದಿ ಗೆರೆಗಳು, ಥೇಟ್ ಪರಾಗದ ಬಣ್ಣ. ಮಳೆ ಕರೆದ ಹಳದಿಯನ್ನೂ ಊರುಗಳನ್ನು ಸುಟ್ಟ ಹಳದಿಯನ್ನೂ ಒಂದೇ ನೆಲ ತನ್ನೊಳಗೆ ಹೊತ್ತು ಸುಮ್ಮನಿತ್ತಲ್ಲ, ಆ ನೆಲ ಕಲ್ಲಿನಲ್ಲೂ ಚೆಲುವೇ ಇಟ್ಟಿತ್ತಲ್ಲ ಎಂದು ನೆನೆದಾಗೆಲ್ಲ ಮೈ ಜುಮ್ಮೆನ್ನುತ್ತದೆ. ಅದೇ ರಾತ್ರಿ, ಕೈಯಲ್ಲಿ ಆಯುಧವಿದ್ದೂ, ಕಣ್ಣೆದುರೇ ಗೆಳೆಯನನ್ನು ಹಿಂಸಿಸುತ್ತಿದ್ದವನನ್ನು ಅವನು ಕೊಲ್ಲುವುದಿಲ್ಲ.

ಕೊನೆಯಲ್ಲಿ ಊರಿನ ಹಿರಿಯರು ಅವನನ್ನು ಪೂಜೆಯ ಕೋಣೆಯಲ್ಲಿ ನಡುವೆ ಕೂರಿಸಿಕೊಂಡು ಬೆಟ್ಟದ ಆ ಹೆಣ್ಣಿನ ಬಗ್ಗೆ ಕೇಳುತ್ತಾರೆ: ಯಾವ ದಿಕ್ಕಿನಿಂದ ಬಂದಳು, ಆಗ ಹೊತ್ತೆಷ್ಟಾಗಿತ್ತು, ಅವಳ ಕಣ್ಣು ಯಾವ ಬಣ್ಣ. ಯುದ್ಧದಿಂದ ಬಂದವನನ್ನು ಊರೊಂದು ಹೀಗೆ ವಿಚಾರಿಸಿಕೊಂಡದ್ದನ್ನು ನಾನು ಬೇರೆ ಯಾವ ಕಾದಂಬರಿಯಲ್ಲೂ ಓದಿಲ್ಲ.