ಅಕಾಲದ ಮಳೆಯೂ ಗೃಹಸ್ಥನ ಹೊಣೆಯೂ

ಪ್ರವಾಸಕ್ಕೆಂದು ಹೊರಟ ಕುಟುಂಬವು ಮಳೆಗೆ ಸಿಕ್ಕಿ, ಕಾಣಬೇಕಾದುದನ್ನು ಕಾಣದೆ, ಹಣವನ್ನೂ ರಜೆಯನ್ನೂ ಕಳೆದುಕೊಂಡು ಹಿಂದಿರುಗುವುದು ಹೊಸ ಸಂಗತಿಯಲ್ಲ. ಹಾಗೆ ಹಿಂದಿರುಗಿದ ಮನೆಯಲ್ಲಿ ಕೆಲವು ದಿನ ಒಂದು ವ್ಯಾಜ್ಯವು ನಡೆಯುವುದೂ ಹೊಸದಲ್ಲ. ಹೊರಡಲು ನಿಶ್ಚಯಿಸಿದ ಯಜಮಾನನು "ಇದು ದೈವಚಿತ್ತ, ಯಾರೇನು ಮಾಡಲಾದೀತು?" ಎನ್ನುತ್ತಾನೆ, ಮನೆಯವರು "ಮೊದಲೇ ಯೋಚಿಸಬೇಕಾಗಿತ್ತು" ಎನ್ನುತ್ತಾರೆ. ಮೇಲುನೋಟಕ್ಕೆ ಇದು ಅಲ್ಪವಾದ ಜಗಳ. ಆದರೆ ಇದರೊಳಗೆ ಅಡಗಿರುವ ಪ್ರಶ್ನೆಯು ಅಲ್ಪವಾದುದಲ್ಲ. ಮನುಷ್ಯನ ನಿರ್ಧಾರವೊಂದು ಆಕಾಶದ ದೆಸೆಯಿಂದ ಕೆಟ್ಟರೆ, ಅದರ ಹೊಣೆಯು ಅವನಿಗೆ ಎಷ್ಟರಮಟ್ಟಿಗೆ ಸೇರತಕ್ಕದ್ದು?

ಮೇಲಿನ ಎರಡು ಮಾತುಗಳೂ ವಿಚಾರವನ್ನು ಅರ್ಧದಲ್ಲೇ ನಿಲ್ಲಿಸುತ್ತವೆ. ಒಂದು ಎಲ್ಲವನ್ನೂ ದೈವದ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತದೆ. ಇನ್ನೊಂದು ಫಲವನ್ನು ನೋಡಿಕೊಂಡು ಕಾರ್ಯಕ್ಕೆ ಬೆಲೆ ಕಟ್ಟುತ್ತದೆ. ಇವೆರಡನ್ನೂ ಸಮೀಪ ಕಾಲದ ಎರಡು ದುರಂತಗಳ ಮುಂದಿಟ್ಟು ನೋಡುವುದು ಉಚಿತ.

ಹಿಮಾಲಯದ ಕೇದಾರನಾಥಕ್ಕೆ ಹೋಗುವ ಕುಟುಂಬಗಳಲ್ಲಿ ಅನೇಕವು ಮಳೆಗಾಲಕ್ಕೆ ಮುಂಚೆ ಹೋಗಿಬರಬೇಕೆಂಬ ವಿವೇಕದಿಂದಲೇ ಮೇ ಅಥವಾ ಜೂನ್ ತಿಂಗಳನ್ನು ಆರಿಸಿಕೊಳ್ಳುತ್ತವೆ. ನೈಋತ್ಯ ಮಾರುತವು ದೇಶವನ್ನೆಲ್ಲ ವ್ಯಾಪಿಸುವುದು, ಅಂದಿನ ಲೆಕ್ಕದಂತೆ, ಜುಲೈ 15ರ ಸುಮಾರಿಗೆ. 2013ನೆಯ ಇಸವಿಯಲ್ಲಿ ಅದು ಜೂನ್ 16ಕ್ಕೇ ವ್ಯಾಪಿಸಿಬಿಟ್ಟಿತು. ಮರುದಿನ ಬೆಳಿಗ್ಗೆ ಕ್ಷೇತ್ರದ ಮೇಲ್ಗಡೆಯಲ್ಲಿದ್ದ ಚೋರಾಬಾರಿ ಸರೋವರವು ಒಡೆದು, ನೀರೂ ಬಂಡೆಗಳೂ ಒಟ್ಟಾಗಿ ಧುಮುಕಿದವು. ಸಾವಿರಾರು ಜನ ಮಡಿದರು. ತಿಂಗಳುಗಳ ಮುಂಚೆಯೇ ದಿನ ಗೊತ್ತುಮಾಡಿಕೊಂಡು, ವೃದ್ಧರಾದ ತಂದೆತಾಯಿಗಳನ್ನು ಕರೆದುಕೊಂಡು ಹೋದ ಮಗನೊಬ್ಬನು ಒಬ್ಬಂಟಿಯಾಗಿ ಮರಳಿದನೆನ್ನೋಣ. ಅವನಿಗೆ "ಯೋಚಿಸಬೇಕಾಗಿತ್ತು" ಎಂದು ಹೇಳುವುದು ಕ್ರೌರ್ಯ ಮಾತ್ರವಲ್ಲ, ಅಸತ್ಯವೂ ಹೌದು. ಅವನು ಯೋಚಿಸಿಯೇ ಹೊರಟಿದ್ದನು. ಹಿಂದಿನ ವರ್ಷ ಅದೇ ದಿನಗಳಲ್ಲಿ ಹೋಗಿ ಸುಖವಾಗಿ ಬಂದವನಿಗೂ ಇವನಿಗೂ ವಿವೇಕದಲ್ಲಿ ಭೇದವಿಲ್ಲ, ಭೇದವಿದ್ದುದು ಆಕಾಶದಲ್ಲಿ.

ಕೊಡಗಿನ ಪ್ರಸಂಗವು ಬೇರೆ ಬಗೆಯದು. 2018ರ ಆಗಸ್ಟ್ ನಡುವಿನಲ್ಲಿ, ಆಶ್ಲೇಷೆ ಕಳೆದು ಮಖೆ ಮಳೆ ಹುಟ್ಟುವ ಸಂಧಿಯಲ್ಲಿ, ಮಡಿಕೇರಿಯ ಸುತ್ತಲಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳು ಜರಿದವು. ಮಂಗಳೂರಿನ ಹೆದ್ದಾರಿ ಕಡಿದುಹೋಯಿತು. ಜಿಲ್ಲಾಡಳಿತವು ಕೆಲಕಾಲ ಪ್ರವಾಸಿಗರು ಬರಬಾರದೆಂದು ನಿಷೇಧಿಸಿತು. ಆ ಮಳೆಯ ಪ್ರಮಾಣವನ್ನು ಊರಿನ ಹಿರಿಯರೂ ಎಣಿಸಿರಲಿಲ್ಲವೆಂಬುದು ನಿಜ. ಆದರೆ ಆಗಸ್ಟಿನಲ್ಲಿ ಕೊಡಗಿನ ಮಳೆಯು ಅನಿರೀಕ್ಷಿತವೇ? ಆ ಮಳೆಯನ್ನೂ ಮಂಜನ್ನೂ ನೋಡಲೆಂದೇ ಅನೇಕರು ಅಲ್ಲಿಗೆ ಹೋಗುವುದು. ಬಯಸಿ ಹೋದ ವಸ್ತುವು ಬಯಸಿದ ಅಳತೆಯನ್ನು ಮೀರಿತೆಂದ ಮಾತ್ರಕ್ಕೆ ಅದನ್ನು ಅಪರಿಚಿತನೆಂದು ದೂರುವುದು ಸಲ್ಲದು.

ಆದಕಾರಣ, 'ಅನಿರೀಕ್ಷಿತ' ಎಂಬ ಒಂದೇ ಮಾತಿನ ಮರೆಯಲ್ಲಿ ಮೂರು ಬೇರೆ ಸಂಗತಿಗಳು ಕುಳಿತಿವೆ: ತಿಳಿಯಲು ಸಾಧ್ಯವೇ ಇಲ್ಲದುದು, ತಿಳಿಯಬಹುದಾಗಿದ್ದು ವಿಚಾರಿಸದೆ ಬಿಟ್ಟುದು, ತಿಳಿದಿದ್ದೂ ಲಕ್ಷಿಸದೆ ಹೋದುದು. ಮೊದಲನೆಯದಕ್ಕೆ ಹೊಣೆಯಿಲ್ಲ. ಎರಡನೆಯದಕ್ಕೆ ಉಂಟು, ಇಂದು ಹವಾಮಾನ ಇಲಾಖೆಯು ದಿನಕ್ಕೆ 204.5 ಮಿಲಿಮೀಟರಿಗೆ ಮಿಕ್ಕಿದ ಮಳೆಯನ್ನು ಅತ್ಯಂತ ಭಾರಿ ಮಳೆಯೆಂದು ಪರಿಗಣಿಸಿ, ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿಂದ ಅಪಾಯದ ಮುನ್ಸೂಚನೆಯನ್ನು ಮನೆಮನೆಗೂ ಮುಟ್ಟಿಸುತ್ತಿರುವಾಗ ಕೇಳದಿರುವುದಕ್ಕೆ ಕಾರಣ ಹೇಳುವುದು ಕಷ್ಟ. ಮೂರನೆಯದಂತೂ ಪೂರ್ಣವಾಗಿ ಮನುಷ್ಯನದೇ ಅಪರಾಧ.

ಈ ಮೂರನೆಯದು ಹೇಗೆ ಹುಟ್ಟುತ್ತದೆಂಬುದನ್ನು ನೋಡಬೇಕು. ಬೆಟ್ಟದ ನಾಡಿನ ಹೋಂಸ್ಟೇ ಒಂದರಲ್ಲಿ ಮೂರು ದಿನಗಳಿಗೆ ಮುಂಗಡ ಕೊಟ್ಟು ಇಳಿದುಕೊಂಡ ಗೃಹಸ್ಥನನ್ನು ಊಹಿಸಬಹುದು. ಎರಡನೆಯ ದಿನ ಬೆಳಿಗ್ಗೆ ಮನೆಯೊಡೆಯನು ಬಂದು, ತೊರೆಯ ನೀರು ಕೆಂಪಾಗಿದೆ, ಮಧ್ಯಾಹ್ನದೊಳಗೆ ಬಯಲುಸೀಮೆಯ ಕಡೆಗೆ ಹೊರಟುಬಿಡುವುದು ಲೇಸು, ಎನ್ನುತ್ತಾನೆ. ಗೃಹಸ್ಥನಿಗೆ ಕೊಟ್ಟ ಹಣ ನೆನಪಾಗುತ್ತದೆ. ಮಕ್ಕಳಿಗೆ ಕೊಟ್ಟ ಮಾತು ನೆನಪಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿರುಗಿದರೆ ತನ್ನ ನಿರ್ಧಾರವೇ ತಪ್ಪೆಂದು ಒಪ್ಪಿಕೊಂಡಂತಾಗುವುದೆಂಬ ಅಭಿಮಾನವು ಅಡ್ಡ ಬರುತ್ತದೆ. ಇನ್ನೊಂದು ದಿನ ನೋಡೋಣವೆನ್ನುತ್ತಾನೆ. ಹೊರಟಾಗ ಅವನಲ್ಲಿ ದೋಷವಿರಲಿಲ್ಲ. ದೋಷವು ಈ ಕ್ಷಣದಲ್ಲಿ ಹುಟ್ಟಿತು. ಆ ರಾತ್ರಿ ಏನೂ ಆಗದೆ ಎಲ್ಲರೂ ಕ್ಷೇಮವಾಗಿ ಮರಳಿದರೂ ಅದು ದೋಷವೇ. ಫಲವು ಒಳ್ಳೆಯದಾದಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವವರು ಅಪರೂಪ. ನೀತಿಯ ನಿಜವಾದ ಕಷ್ಟವಿರುವುದು ಅಲ್ಲಿಯೇ.

ದೈವವೆಂಬ ಮಾತಿಗೆ ಆಶ್ರಯ ಹುಡುಕುವವರು ಗೀತೆಯ ಹದಿನೆಂಟನೆಯ ಅಧ್ಯಾಯವನ್ನು ನೆನೆಯಬಹುದು. ಅಲ್ಲಿ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಎಣಿಸುವಾಗ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆಗಳು ಮೊದಲು ಬಂದು, ದೈವವು ಐದನೆಯದಾಗಿ ಬರುತ್ತದೆ. ಅದನ್ನು ಬಿಟ್ಟು ಲೆಕ್ಕ ಪೂರ್ತಿಯಾಗುವುದಿಲ್ಲ; ಅದೊಂದರಿಂದಲೇ ಲೆಕ್ಕ ಆರಂಭವಾಗುವುದೂ ಇಲ್ಲ. ಮೊದಲ ನಾಲ್ಕನ್ನು ಸಲ್ಲಿಸಿದವನಿಗೆ ಮಾತ್ರ ಐದನೆಯದರ ಹೆಸರನ್ನು ಹೇಳುವ ಅಧಿಕಾರವುಂಟು.

ಇನ್ನೊಂದು ಮಾತು ಉಳಿದಿದೆ. ಕೆಟ್ಟ ಪ್ರವಾಸದ ನಷ್ಟವನ್ನು ಎಣಿಸುವ ಮನೆಗಳಲ್ಲಿ, ಅದೇ ಮಳೆಯಲ್ಲಿ ಊರಿನವರು ಕಳೆದುಕೊಂಡುದನ್ನು ಎಣಿಸುವುದು ವಿರಳ. ಕೊಡಗಿನ ಆ ವಾರದಲ್ಲಿ ಅತಿಥಿಯಾಗಿದ್ದವನು ರಜೆಯನ್ನು ಕಳೆದುಕೊಂಡನು. ಆತಿಥ್ಯ ನೀಡಿದ ನಾಡಿನಲ್ಲಿ ಎಷ್ಟೋ ಮಂದಿ ಮನೆಯನ್ನೂ ಕಾಫಿಯ ತೋಟವನ್ನೂ, ಕೆಲವರು ತಮ್ಮವರನ್ನೂ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿ ಮಲಗಿದರು. ರಸ್ತೆಗಳಿಗಾಗಿಯೂ ಕಟ್ಟಡಗಳಿಗಾಗಿಯೂ ಇಳಿಜಾರುಗಳನ್ನು ಕಡಿದುದು ಮಣ್ಣಿನ ಹಿಡಿತವನ್ನು ಸಡಿಲಿಸಿತೆಂದು ಭೂವಿಜ್ಞಾನಿಗಳು ಹೇಳಿದುದನ್ನು ನೆನೆದರೆ, ಆ ರಸ್ತೆಯಲ್ಲಿ ಸುಖವಾಗಿ ಏರಿಬಂದ ಅತಿಥಿಗೂ ಅದರಲ್ಲಿ ಕಿಂಚಿತ್ ಪಾಲಿಲ್ಲವೆನ್ನಲಾಗದು. ಅತಿಥಿಗೆ ಮರಳಲು ಒಂದು ಮನೆಯಿತ್ತು. ಮುಂಗಡ ಹಣವನ್ನು ಮರಳಿ ಕೇಳುವ ಮುನ್ನ ಇಷ್ಟನ್ನು ನೆನೆಯುವುದು ದಾನವಲ್ಲ, ನ್ಯಾಯ.

ಮಕ್ಕಳು ಪ್ರವಾಸದಲ್ಲಿ ನೋಡಬೇಕಾಗಿದ್ದ ಜಲಪಾತವನ್ನು ಮುಂದೆ ಎಂದಾದರೂ ನೋಡಿಯಾರು. ಆದರೆ ಮಳೆಯಲ್ಲಿ ಸಿಕ್ಕಿಬಿದ್ದಾಗ ಹಿರಿಯರು ಯಾರನ್ನು ದೂರಿದರು, ಯಾರ ಮಾತನ್ನು ಕೇಳಿದರು, ಯಾರ ಕಷ್ಟವನ್ನು ವಿಚಾರಿಸಿದರು ಎಂಬುದನ್ನು ಅವರು ಆಗಲೇ ನೋಡಿ ಕಲಿಯುತ್ತಾರೆ. ಹೊರಡುವ ಮುನ್ನ ವಿಚಾರಿಸುವುದು, ಹಿಂದಿರುಗೆಂದಾಗ ಅಭಿಮಾನ ಬಿಟ್ಟು ಹಿಂದಿರುಗುವುದು, ಮರಳಿದ ಮೇಲೆ ಪರಸ್ಪರ ನಿಂದಿಸದಿರುವುದು, ಇವಿಷ್ಟೂ ಗೃಹಸ್ಥನ ಕೈಯಲ್ಲಿವೆ. ಮಳೆ ಮಾತ್ರ ಅವನ ಕೈಯಲ್ಲಿಲ್ಲ.