ಹಡಗು ಕಾಯುವುದಿಲ್ಲ

ಬನಶಂಕರಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ ಮುಗಿಸಬೇಕೆಂದು ಕೆರೂರಿನಲ್ಲಿ ಕ್ರೂಸರ್ ಗಾಡಿ ಗೊತ್ತು ಮಾಡುವವರು ಬಾಡಿಗೆ ಕುದುರಿದ ಮೇಲೆ ಇನ್ನೊಂದು ಮಾತು ಕೇಳುತ್ತಾರೆ: ‘ತಡಾ ಆದ್ರ ಕಾಯ್ತೀರಿಲ್ರಿ?’ ‘ಕಾಯಾಕಽ ಬಂದೇವಲ್ರಿ’ ಎನ್ನುತ್ತಾನೆ ಡ್ರೈವರ್. ಬಾದಾಮಿಯ ಗುಹೆ, ಅಂದರೆ ಮೇಣಬಸದಿಯ ಮೆಟ್ಟಿಲು ಇಳಿಯುವಾಗ ಅಜ್ಜಿಗೆ ಮೊಣಕಾಲು ಹಿಡಿಯಲಿ, ಬನಶಂಕರಿಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರಿನ ಊಟ ಉದ್ದವಾಗಲಿ, ಅವನು ಬೇವಿನ ನೆರಳಲ್ಲಿ ಸೀಟು ಚಾಚಿ ಒಂದು ನಿದ್ದೆ ತೆಗೆಯುತ್ತಾನೆ.

ಈಗ ನಮ್ಮ ಕಡೆಯವರೂ ಮುಂಬಯಿಗೆ ಹೋಗಿ ಗೋವಾ, ಕೊಚ್ಚಿ, ಲಕ್ಷದ್ವೀಪದ ಕ್ರೂಸ್ ಹಡಗು ಹತ್ತುತ್ತಿದ್ದಾರೆ. ಟಿಕೆಟ್ಟಿನಲ್ಲಿ ಕೋಣೆ, ಊಟ ಸೇರಿರುತ್ತದೆ. ದಡಕ್ಕಿಳಿದು ಊರು ನೋಡುವುದು ಸಾಮಾನ್ಯವಾಗಿ ಬೇರೆ ಲೆಕ್ಕ. ಹಡಗಿನವರ ಬಸ್ಸಿಗೆ ಹೇಳುವ ದರ ಕೇಳಿ ಎದೆ ಧಸಕ್ಕೆನ್ನುತ್ತದೆ. ಹೊರಗೆ ಟ್ಯಾಕ್ಸಿ ಹಿಡಿದರೆ ಅದರ ಅರ್ಧಕ್ಕೇ ಮುಗಿಯಬಹುದು. ಆದರೆ ಆ ಹೆಚ್ಚಿನ ದುಡ್ಡು ಬಸ್ಸಿಗಲ್ಲ, ಭರವಸೆಗೆ. ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲಲಾಗದಿದ್ದರೆ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದು. ನಾವೇ ಹಿಡಿದ ಟ್ಯಾಕ್ಸಿ ಪಂಕ್ಚರ್ ಆದರೆ ಆ ಖರ್ಚೆಲ್ಲ ನಮ್ಮ ತಲೆಗೆ. ಬಂದರಿನಲ್ಲಿ ಹಡಗು ನಿಂತಷ್ಟು ಹೊತ್ತೂ ಬಾಡಿಗೆ ಏರುತ್ತದೆ, ಹೊರಗೆ ಎಳೆದೊಯ್ಯುವ ಟಗ್ ದೋಣಿಗೂ ಸಮಯ ಗೊತ್ತಾಗಿರುತ್ತದೆ. ಇಬ್ಬರಿಗಾಗಿ ಕ್ಯಾಪ್ಟನ್ ಕಾಯುವವನಲ್ಲ.

ಹಾಗಂತ ಎಲ್ಲಾ ಕಡೆ ಅವರ ಬಸ್ಸೇ ಹತ್ತಬೇಕಿಲ್ಲ. ನನ್ನ ಲೆಕ್ಕ ದೂರದ್ದು. ಕೊಚ್ಚಿಯಲ್ಲಿ ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಫೋರ್ಟ್ ಕೊಚ್ಚಿ ಹತ್ತಿರವೇ ಇದೆ, ಸ್ವಂತ ಹೋಗಿ ಬಂದರಾಯಿತು. ಗೋವಾದ ಮುರಗಾಂವದಿಂದ ಹಳೇ ಗೋವೆಗೆ ಸುಮಾರು 30 ಕಿ.ಮೀ., ಅಲ್ಲಿ ಯೋಚಿಸಬೇಕು. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ಕಡಲಲ್ಲೇ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತದೆ. ಗಾಳಿ ಎದ್ದರೆ ಇಳಿಯುವುದೇ ರದ್ದು. ದುಡ್ಡು ವಾಪಸ್ ಬರುತ್ತದೋ ಇಲ್ಲವೋ, ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿಗರ ಹಡಗು ಬರುತ್ತವೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಕದ್ರಿ, ಕುದ್ರೋಳಿ, ಕಲಾವಿದ ಮೊಸ್ಕೇನಿ ಚಿತ್ರ ಬರೆದ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ ಸುತ್ತಿ ವಾಪಸ್. ಮೂಡುಬಿದಿರೆಗೂ ಹೋಗುತ್ತಾರೆ. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆನ್ನುತ್ತಾರೆ. ಅದು ಹೌದೋ ಅಲ್ಲವೋ ನೋಡಿ ತಿಳಿಯುವಷ್ಟು ಪುರುಸೊತ್ತು ಗೈಡ್ ಕೊಟ್ಟಾನೆಯೇ? ಕಾಯುವ ಹಡಗಿಗೆ ದುಡ್ಡು ಕೊಟ್ಟವರು ಕಂಬದ ಮುಂದೆ ಕಾಯುವ ಹಾಗಿಲ್ಲ.

2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ಪ್ರವಾಸಿ ರೈಲಿನದೂ ಇಳಿಸಿ, ಸುತ್ತಿಸಿ, ಹೊತ್ತಿಗೆ ಸರಿಯಾಗಿ ಮರಳಿಸುವ ಇದೇ ಪದ್ಧತಿ, ಹಳಿಯ ಮೇಲೆ. ಅದರ ಮೊದಲ ಪಟ್ಟಿಯಲ್ಲಿ ನಮ್ಮ ಬಾದಾಮಿಯೂ ಇತ್ತು. ಇಂಥ ಪಟ್ಟಿಗಳಲ್ಲಿ ಊರಿನ ಹೆಸರು ಇದ್ದರೆ ಸಾಲದು. ‘ಐಹೊಳೆ’ ಅಂತ ಬರೆದು ದುರ್ಗದ ಗುಡಿ ಮುಂದೆ ಫೋಟೊ ತೆಗೆಸಿ ಗಾಡಿ ತಿರುಗಿಸುವವರು ಬೇಕಾದಷ್ಟಿದ್ದಾರೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿದ ರವಿಕೀರ್ತಿಯ 634ರ ಶಾಸನ ಇರುವುದು ಗುಡ್ಡದ ಮೇಲಿನ ಮೇಗುತಿ ಗುಡಿಯಲ್ಲಿ. ಹತ್ತಿ ಇಳಿಯಲು ಹೊತ್ತು ಬೇಕು. ಬಾದಾಮಿಯ ಮ್ಯೂಸಿಯಂಗೆ ಶುಕ್ರವಾರ ಬಾಗಿಲು. ಹಡಗಿರಲಿ, ರೈಲಿರಲಿ, ಕ್ರೂಸರ್ ಇರಲಿ, ಮುಂಗಡ ಕೊಡುವ ಮೊದಲು ಎಷ್ಟು ಜಾಗ ತೋರಿಸುತ್ತೀರಿ ಎನ್ನುವುದಕ್ಕಿಂತ ಒಂದೊಂದರಲ್ಲಿ ಎಷ್ಟು ಹೊತ್ತು ಬಿಡುತ್ತೀರಿ, ಅಂಗಡಿಗಳ ಮುಂದೆ ಎಷ್ಟು ಸಲ ನಿಲ್ಲಿಸುತ್ತೀರಿ ಅಂತ ಕೇಳಿ.